ಮುಳುಗಗೊಡದ ನೀರು

ಈಸು ಬಾರದ ಕೆಲವರನ್ನು ಹಿಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಆಳವಾದ ನೀರಿಗೆ ಎಸೆಯಿರಿ ಅಂತ ಒಬ್ಬ ಸೇನಾಪತಿ ಅಪ್ಪಣೆ ಕೊಟ್ಟ. ಶಿಕ್ಷೆಗಲ್ಲ, ಬರೀ ಕುತೂಹಲಕ್ಕೆ. ಎಸೆದರು. ಒಬ್ಬರೂ ಮುಳುಗಲಿಲ್ಲ. ಕೆಳಗಿನಿಂದ ಗಾಳಿ ನೂಕಿದ ಹಾಗೆ ಎಲ್ಲರೂ ಮೇಲೆ ಬಂದು ತೇಲಿದರು.

ಇದು ಕ್ರಿ.ಶ. 68ರ ಸುಮಾರಿನ ಮಾತು. ಸೇನಾಪತಿಯ ಹೆಸರು ವೆಸ್ಪಾಸಿಯನ್, ಮರುವರ್ಷ ರೋಮ್‌ನ ಚಕ್ರವರ್ತಿಯಾದವನು. ಜಾಗ ಮೃತ ಸಮುದ್ರ. ಹೆಸರಿಗೆ ಸಮುದ್ರ, ಅಸಲಿಗೆ ಇಸ್ರೇಲ್, ಜೋರ್ಡಾನ್ ಮತ್ತು ಪಶ್ಚಿಮ ದಂಡೆಯ ನಡುವೆ ಇರುವ ಒಂದು ಉಪ್ಪಿನ ಸರೋವರ. ಇದನ್ನೆಲ್ಲ ಬರೆದಿಟ್ಟವನು ಜೋಸೆಫಸ್, ರೋಮನ್ನರ ವಿರುದ್ಧ ಹೋರಾಡಿ ಅವರಿಗೇ ಸೆರೆ ಸಿಕ್ಕ ಯಹೂದಿ. ಸೇನಾಪತಿಯ ಹೆಸರು ಉಳೀತು. ಕೈ ಕಟ್ಟಿಸಿಕೊಂಡು ನೀರಿಗೆ ಬಿದ್ದವರ ಹೆಸರನ್ನು ಮಾತ್ರ ಅವನು ಬರೆದಿಲ್ಲ.

ವೆಸ್ಪಾಸಿಯನ್‌ಗೆ ಈ ಯೋಚನೆ ಸುಮ್ಮನೆ ಹೊಳೆದದ್ದಿರಲಿಕ್ಕಿಲ್ಲ. ಅವನಿಗಿಂತ ಸುಮಾರು 400 ವರ್ಷ ಮೊದಲೇ ಅರಿಸ್ಟಾಟಲ್ ಹವಾಮಾನದ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸುದ್ದಿ ಹೇಳಿದ್ದ. ಪ್ಯಾಲೆಸ್ತೀನ್‌ನಲ್ಲಿ ಒಂದು ಸರೋವರ ಇದೆಯಂತೆ, ಮನುಷ್ಯನನ್ನಾಗಲಿ ಪ್ರಾಣಿಯನ್ನಾಗಲಿ ಕಟ್ಟಿ ಎಸೆದರೂ ತೇಲ್ತದಂತೆ, ಅದರಲ್ಲಿ ಮೀನು ಬದುಕೋದಿಲ್ಲವಂತೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ: ಸಮುದ್ರದ ಮೇಲೆ ಆರಾಮಾಗಿ ತೇಲೋ ಹಡಗು, ಅಷ್ಟೇ ಸರಕು ಹೊತ್ತು ನದಿಗೆ ಬಂದರೆ ಮುಳುಗುವ ಹಂತಕ್ಕೆ ಬರ್ತದೆ. ಉಪ್ಪುನೀರಿಗೆ ತೂಕ ಜಾಸ್ತಿ ಅನ್ನೋದು ಅವನಿಗೆ ಗೊತ್ತಿತ್ತು. ರೋಮನ್ ಸೇನಾಪತಿ ಮಾಡಿದ್ದು ಆ ಹಳೇ ಸುದ್ದಿಯ ಪರೀಕ್ಷೆ, ಬೇರೆಯವರ ಮೈಮೇಲೆ.

ಇವತ್ತು ಅದೇ ಪರೀಕ್ಷೆಯನ್ನು ನಾವು ದುಡ್ಡು ಕೊಟ್ಟು, ವೀಸಾ ತಗೊಂಡು, ನಮ್ಮ ಮೈಮೇಲೇ ಮಾಡಿಸಿಕೊಳ್ತೀವಿ. ಜೋರ್ಡಾನ್ ಟೂರ್ ಮುಗಿಸಿ ಬಂದ ಸಹೋದ್ಯೋಗಿ ಆಫೀಸಿನ ಗ್ರೂಪಿಗೆ ಹಾಕಿದ ಫೋಟೋ ನೀವೂ ನೋಡಿರ್ತೀರಿ: ನೀರ ಮೇಲೆ ಅಂಗಾತ ಮಲಗಿ ಪೇಪರ್ ಓದ್ತಿರೋದು. ಕೆಳಗೆ ಒಂದು ಸಾಲು, ‘ಈಜು ಬರದಿದ್ದರೂ ಪರವಾಗಿಲ್ಲ!’ ಆ ಸಾಲು ಎಷ್ಟು ನಿಜ, ಎಷ್ಟು ಸುಳ್ಳು ಅನ್ನೋದೇ ಈ ಬರಹ.

ಮೊದಲು ಲೆಕ್ಕ. ಒಂದು ಲೀಟರ್ ಸಿಹಿನೀರಿನ ತೂಕ 1 ಕಿಲೋ. ಉಸಿರು ತುಂಬಿಕೊಂಡ ಮನುಷ್ಯನ ಮೈ ಅದಕ್ಕಿಂತ ಒಂದು ಎಳೆ ಹಗುರ, ಅದಕ್ಕೇ ಬಾವಿಯಲ್ಲಿ ಸುಮ್ಮನಿದ್ದರೆ ನೆತ್ತಿ ಮಾತ್ರ ಮೇಲೆ ಕಾಣ್ತದೆ. ಸಮುದ್ರದ ಒಂದು ಕಿಲೋ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಮೃತ ಸಮುದ್ರದಲ್ಲಿ ಸುಮಾರು 340 ಗ್ರಾಂ. ಅಲ್ಲಿನ ಒಂದು ಲೀಟರ್ ನೀರು 1.24 ಕಿಲೋ ತೂಗ್ತದೆ. ಅಂದರೆ ನಿಮ್ಮ ಮೈಯ ಐದನೇ ಒಂದು ಪಾಲು ನೀವು ಏನೂ ಮಾಡದೇ ನೀರಿನ ಮೇಲಿರ್ತದೆ.

ಏನೂ ಮಾಡದೇ. ಈ ಎರಡು ಪದದ ಮೇಲೆ ನನಗೆ ಸ್ವಲ್ಪ ತಕರಾರಿದೆ.

ನಾನು ಅಫಜಲಪುರ ತಾಲೂಕಿನ ಕರಜಗಿಯವನು. ಭೀಮಾ ಸೀಮೆ. ನಮ್ಮ ಕಡೆ ಈಜು ಅನ್ನೋದಿಲ್ಲ, ಈಸು ಅಂತೀವಿ. ಅದನ್ನು ಕಲಿಯೋದು ತೋಟದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ, ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ಮೆಟ್ಟಿಲ ಮೇಲೆ ಕೂತ ಮುತ್ಯಾನ ಕೈಯಲ್ಲಿ. ಹಿಂದಿನವರು ಡಬ್ಬಿ ಬದಲು ಒಣಗಿದ ಸೋರೆ ಬುರುಡೆ ಕಟ್ಟುತ್ತಿದ್ದರು, ಅದನ್ನೇ ಕಟ್ಟಿಕೊಂಡು ಹೊಳೆಯನ್ನೂ ದಾಟುತ್ತಿದ್ದರು. ನಾಲ್ಕೈದು ದಿನಕ್ಕೆ ಹುಡುಗರಿಗೆ ಧೈರ್ಯ ಬಂದು ‘ಮುತ್ಯಾ, ನನಗ ಈಸು ಬಂತು!’ ಅಂತ ಕೂಗ್ತಾರೆ. ಮುತ್ಯಾ ಹೇಳೋದು ಒಂದೇ ಮಾತು: ‘ತೇಲೂದು ಡಬ್ಬಿ ತಮ್ಮಾ, ನೀ ಅಲ್ಲ.’

ಉಪ್ಪಿನ ಸರೋವರಗಳ ಇತಿಹಾಸ ಓದ್ತಾ ಹೋದಾಗ ನನಗೆ ಕಂಡದ್ದೂ ಇದೇ. ಅಲ್ಲಿ ಡಬ್ಬಿಯ ಕೆಲಸವನ್ನು ಇಡೀ ಸರೋವರ ಮಾಡ್ತದೆ. ಹಾಗಂತ ಅದನ್ನು ನಂಬಿ ಇಳಿದವರಿಗೆಲ್ಲ ಒಳ್ಳೇದಾಗಲಿಲ್ಲ.

ಜಗತ್ತು ಸುತ್ತುವ ಮೊದಲು ನಮ್ಮ ದಖ್ಖನಿನ ಉಪ್ಪಿನ ಸರೋವರವನ್ನೇ ನೋಡೋಣ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ್ ಇದೆ. ಆಕಾಶದಿಂದ ಬಿದ್ದ ಬಂಡೆಯೊಂದು ದಖ್ಖನಿನ ಕಪ್ಪುಕಲ್ಲಿನಲ್ಲಿ ತೋಡಿದ, ಸುಮಾರು 1.8 ಕಿ.ಮೀ. ಅಗಲದ ಗುಂಡಿ. ಅದರ ತಳದಲ್ಲಿ ಉಪ್ಪೂ ಕ್ಷಾರವೂ ಸೇರಿದ ನೀರು. ಕಲ್ಯಾಣದ ಚಾಲುಕ್ಯರು, ಆಮೇಲೆ ಸೇವುಣರು ಆಳಿದ ನಾಡು ಅದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ನಮ್ಮ ಕಲಬುರಗಿ ರಾಜಧಾನಿಯಾದಾಗ ಲೋಣಾರ್ ಇದ್ದ ಬೇರಾರ್ ಸೀಮೆ ಆ ರಾಜ್ಯದ ನಾಲ್ಕು ತರಫುಗಳಲ್ಲೊಂದು. ಆಮೇಲೆ ನಿಜಾಮರ ಕಾಲದಲ್ಲೂ, 1853ರಲ್ಲಿ ಬೇರಾರ್ ಬ್ರಿಟಿಷರ ಕೈಗೆ ಹೋಗುವವರೆಗೆ, ಎರಡೂ ಸೀಮೆಗೆ ಹೈದರಾಬಾದೇ ದರ್ಬಾರು. ಹಾಗಾಗಿ ಲೋಣಾರ್ ನಮಗೆ ಪರದೇಶವೇನಲ್ಲ.

ಅಲ್ಲಿನವರು ಹೇಳೋ ಕಥೆಯಲ್ಲಿ ಲವಣಾಸುರ ಅನ್ನೋ ರಾಕ್ಷಸ ನೆಲದಡಿ ಅಡಗಿದ್ದ. ವಿಷ್ಣು ದೈತ್ಯಸೂದನನಾಗಿ ಬಂದು, ಮುಚ್ಚಳದಂತಿದ್ದ ಬೆಟ್ಟವನ್ನು ಕಾಲ್ಬೆರಳಿಂದ ಹಾರಿಸಿ ಅವನನ್ನು ಕೊಂದ. ಗುಂಡಿಯ ನೀರು ರಾಕ್ಷಸನ ರಕ್ತ, ಅದರ ಉಪ್ಪು ಅವನ ಮಾಂಸ. ಕಥೆ ಹೀಗಿದ್ದರೆ ಅದರಲ್ಲಿ ಯಾರು ಈಜೋಕೆ ಹೋಗ್ತಾರೆ? ಅಕ್ಬರನ ಕಾಲದ ಐನ್-ಇ-ಅಕ್ಬರಿಯೂ ಲೋಣಾರನ್ನು ಹೆಸರಿಸ್ತದೆ: ಗಾಜಿಗೆ, ಸಾಬೂನಿಗೆ ಬೇಕಾದ ಸರಕು ಸಿಗುವ ಜಾಗ ಅಂತ. ಜನರಿಗೆ ಆ ಸರೋವರ ಸ್ನಾನದ ಜಾಗ ಆಗಿರಲಿಲ್ಲ, ಸರಕಿನ ಗಣಿಯಾಗಿತ್ತು. ಸ್ನಾನಕ್ಕೆ ಬೇರೆ ಜಾಗವಿದೆ. ಗುಂಡಿಯ ಅಂಚಿನಲ್ಲಿ ವರ್ಷವಿಡೀ ಹರಿಯುವ ‘ಧಾರ’ ಅನ್ನೋ ಸಿಹಿನೀರಿನ ಊಟೆ. ಯಾತ್ರಿಕರು ಮೀಯೋದು ಅದರ ಕೆಳಗೆ.

ಲೋಣಾರ್‌ನಲ್ಲಿ ಪೇಪರ್ ಓದ್ತಾ ತೇಲಬಹುದಾ ಅಂತ ಕೇಳಿದರೆ, ಆಗೋದಿಲ್ಲ. ಅದರ ಉಪ್ಪು ಮೃತ ಸಮುದ್ರದ ಹತ್ತಿರಕ್ಕೂ ಬರೋದಿಲ್ಲ, ಕ್ಷಾರ ಮಾತ್ರ ಸಾಬೂನು ನೀರಿನಷ್ಟು ಇದೆ. ಈಗಂತೂ ಅದು ವನ್ಯಧಾಮ. 2020ರ ಜೂನ್‌ನಲ್ಲಿ ನೀರು ಇಳಿದು ಉಪ್ಪಿನಂಶ ಏರಿದಾಗ ಇಡೀ ಸರೋವರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಫೋಟೋಗಳು ನಿಮ್ಮ ಫೋನಿಗೂ ಬಂದಿರಬೇಕು. ಉಪ್ಪಲ್ಲೇ ಬದುಕುವ ಸೂಕ್ಷ್ಮಜೀವಿಗಳ ಬಣ್ಣ ಅದು ಅಂತ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯವರು ಹೇಳಿದರು.

ಸರಿ, ಸಿಹಿನೀರಿನ ಧಾರ ಒಳಗೆ ಬೀಳ್ತಾನೇ ಇದ್ದರೂ ಆ ಸರೋವರ ಉಪ್ಪಾಗಿದ್ದು ಹೇಗೆ? ಇದಕ್ಕೆ ಉತ್ತರ ಬರೆದವನು ಧೂಮಕೇತುವಿನ ಎಡ್ಮಂಡ್ ಹ್ಯಾಲಿ. 1715ರಲ್ಲಿ ಅವನು, ಒಳಗೆ ನೀರು ಬರುವ ಆದರೆ ಹೊರಗೆ ಹರಿಯದ ಸರೋವರಗಳೆಲ್ಲ ಯಾಕೆ ಉಪ್ಪಾಗಿರ್ತವೆ ಅಂತ ವಿಚಾರ ಮಾಡಿದ. ಪ್ರತಿ ಹೊಳೆಯೂ ಕಲ್ಲು ಮಣ್ಣಿನಿಂದ ಚೂರು ಚೂರು ಉಪ್ಪು ಕರಗಿಸಿಕೊಂಡು ತರ್ತದೆ. ಬಿಸಿಲು ನೀರನ್ನಷ್ಟೇ ಒಯ್ತದೆ, ಉಪ್ಪನ್ನು ಬಿಟ್ಟು ಹೋಗ್ತದೆ. ದಾರಿ ಇಲ್ಲದ ನೀರಲ್ಲಿ ಉಪ್ಪು ಬಾಕಿ ಕೂಡ್ತಾ ಹೋಗ್ತದೆ. ನೂರಾರು ವರ್ಷಕ್ಕೊಮ್ಮೆ ಉಪ್ಪು ಅಳೆದರೆ ಭೂಮಿಯ ವಯಸ್ಸನ್ನೂ ಲೆಕ್ಕ ಹಾಕಬಹುದು ಅಂತ ಅವನ ಆಸೆ. ವಯಸ್ಸಿನ ಲೆಕ್ಕ ಕೈಗೂಡಲಿಲ್ಲ. ಬಾಕಿಯ ವಿಚಾರ ಮಾತ್ರ ಸರಿ.

ಈ ಬಾಕಿಯೇ ಮೃತ ಸಮುದ್ರದಲ್ಲಿ ಮನುಷ್ಯನನ್ನು ಎತ್ತಿ ಹಿಡಿಯೋದು. 19ನೇ ಶತಮಾನದ ಯುರೋಪ್, ಅಮೆರಿಕದ ಜನಕ್ಕೆ ಇದರ ಹುಚ್ಚು ಹಿಡಿಯಿತು. ಇದರ ಆಳ ಎಷ್ಟು, ತಳದಲ್ಲಿ ಏನಿದೆ? 1835ರಲ್ಲಿ ಕ್ರಿಸ್ಟೋಫರ್ ಕಾಸ್ಟಿಗನ್ ಅನ್ನೋ ಐರಿಷ್ ಯುವಕ ಒಂದು ಸಣ್ಣ ದೋಣಿ, ಒಬ್ಬ ಆಳು, ಇಷ್ಟನ್ನೇ ನಂಬಿ ಬೇಸಿಗೆಯ ಕೊನೆಯಲ್ಲಿ ಸರೋವರಕ್ಕಿಳಿದ. ಕುಡಿಯೋ ನೀರು ಮುಗೀತು. ಸುತ್ತ ಮೈಲಿಗಟ್ಟಲೆ ನೀರು, ಬಾಯಿಗೆ ಹಾಕೋಕೆ ಹನಿ ಇಲ್ಲ. ದಡಕ್ಕೆ ಬರೋ ಹೊತ್ತಿಗೆ ಜ್ವರ ಏರಿತ್ತು. ಜೆರುಸಲೇಮಿನಲ್ಲಿ ತೀರಿಕೊಂಡ. 1847ರಲ್ಲಿ ಬ್ರಿಟಿಷ್ ನೌಕಾಪಡೆಯ ಲೆಫ್ಟಿನೆಂಟ್ ಮಾಲಿನ್ಯೂ ಹೋದ, ಆಳ ಅಳೆದ, ವಾಪಸ್ ಹಡಗಿಗೆ ಬಂದು ಜ್ವರದಲ್ಲೇ ಸತ್ತ.

1848ರಲ್ಲಿ ಅಮೆರಿಕನ್ ನೌಕಾಪಡೆಯ ವಿಲಿಯಂ ಲಿಂಚ್ ಪೂರ್ತಿ ತಯಾರಿಯೊಂದಿಗೆ ಬಂದ. ಒಂದು ತಾಮ್ರದ ದೋಣಿ, ಒಂದು ಕಬ್ಬಿಣದ ದೋಣಿ. ಅವನ್ನು ಗಾಡಿಗೇರಿಸಿ, ಒಂಟೆ ಕಟ್ಟಿ, ಮೆಡಿಟರೇನಿಯನ್ ದಂಡೆಯಿಂದ ಗಲಿಲಿ ಸರೋವರದವರೆಗೆ ಎಳೆಸಿದ. ಅಲ್ಲಿಂದ ಜೋರ್ಡಾನ್ ನದಿಯಲ್ಲಿ ಇಳಿದು ಮೃತ ಸಮುದ್ರ ಮುಟ್ಟಿದ. ಗಾಳಿ ಎದ್ದಾಗ ಅಲೆಗಳು ದೋಣಿಯ ಮೂತಿಗೆ ಸುತ್ತಿಗೆ ಬಡಿದಂತೆ ಬಡಿದವು ಅಂತ ಬರೀತಾನೆ. ಹೌದಲ್ಲ, ನೀರಿಗೆ ಅಷ್ಟು ತೂಕ ಇದ್ದರೆ ಅಲೆಗೂ ಇರ್ತದೆ. ಎತ್ತುವ ನೀರೇ ಹೊಡೆಯುವ ನೀರೂ ಹೌದು. ಲಿಂಚ್ ಹಗ್ಗ ಇಳಿಬಿಟ್ಟು ಸುಮಾರು 1,300 ಅಡಿ ಆಳ ಕಂಡ. ನಕ್ಷೆ ಮಾಡಿದ. ಸರೋವರಕ್ಕೆ ಚಾಚಿದ ನೆಲದ ಎರಡು ತುದಿಗಳಿಗೆ ಕಾಸ್ಟಿಗನ್, ಮಾಲಿನ್ಯೂ ಅಂತ ಹೆಸರಿಟ್ಟ. ಊರಿಗೆ ಮರಳುವ ದಾರಿಯಲ್ಲಿ, ಲೆಬನಾನ್‌ನಲ್ಲಿ, ಅವನ ತಂಡದ ಲೆಫ್ಟಿನೆಂಟ್ ಡೇಲ್ ಜ್ವರಕ್ಕೆ ಬಲಿಯಾದ.

ಮೂರು ಪ್ರಯಾಣ, ಮೂರು ಸಾವು, ಒಂದೂ ಮುಳುಗಿ ಆದದ್ದಲ್ಲ. ಮುಳುಗಗೊಡದ ನೀರಿಗೆ ಕೊಲ್ಲೋಕೆ ಮುಳುಗಿಸಬೇಕು ಅಂತೇನಿಲ್ಲ.

ಆಮೇಲೆ ಬಂದವರು ಮೋಜಿಗೆ ಬಂದರು. 1867ರಲ್ಲಿ ಮಾರ್ಕ್ ಟ್ವೇನ್ ಇಲ್ಲಿ ಮಿಂದು, ಪ್ರವಾಸಕಥನದಲ್ಲಿ ತಮಾಷೆಯಾಗಿ ಬರೆದ. ಅವನು ಹೇಳೋ ಕುದುರೆಯ ವಿಚಾರ ತಮಾಷೆಯಷ್ಟೇ ಅಲ್ಲ. ಕುದುರೆ ಈ ನೀರಲ್ಲಿ ಈಜಲಾರದು, ನಿಲ್ಲಲೂ ಆರದು, ಮೇಲ್ಭಾರವಾಗಿ ತಟ್ಟನೆ ಪಕ್ಕಕ್ಕೆ ಮಗುಚಿಕೊಳ್ತದೆ ಅಂತಾನೆ. ಅಮೆರಿಕದಲ್ಲೇ ಇರುವ ಯೂಟಾದ ಗ್ರೇಟ್ ಸಾಲ್ಟ್ ಲೇಕ್ ದಡದಲ್ಲಿ 1893ರಲ್ಲಿ ಸಾಲ್ಟೇರ್ ಅನ್ನೋ ಭಾರೀ ವಿಹಾರಧಾಮ ಎದ್ದಿತು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಅರಮನೆಯಂಥ ಕಟ್ಟಡ, ಕುಣಿಯೋಕೆ ದೊಡ್ಡ ಹಾಲು, ಊರಿಂದ ರೈಲು. ಜನ ಸಾಲಾಗಿ ನೀರಿಗಿಳಿದು ಬೆಂಡಿನ ಹಾಗೆ ತೇಲಿದರು. 1925ರಲ್ಲಿ ಬೆಂಕಿ ಬಿತ್ತು. ಮತ್ತೆ ಕಟ್ಟಿದರು. 1930ರ ದಶಕದಲ್ಲಿ ನೀರೇ ಹಿಂದೆ ಸರೀತು. ತೇಲೋಕೆ ಕಟ್ಟಿದ ಧಾಮದ ಸುತ್ತ ಕೆಸರು ಉಳೀತು.

ಈಗ ಟ್ವೇನ್‌ನ ಕುದುರೆಗೆ ವಾಪಸ್ ಬರೋಣ. ಮನುಷ್ಯನಿಗೂ ಆಗೋದು ಅದೇ. ಅಂಗಾತ ಮಲಗಿದ್ದರೆ ಸುಖ. ಬೋರಲಾಗಿ ಈಜೋಕೆ ಹೋದರೆ ಕಾಲು ನೀರಿನಿಂದ ಮೇಲೇಳ್ತವೆ, ಮುಖ ಒಳಗೆ ಹೋಗ್ತದೆ. ಬಾವಿಯಲ್ಲಾದರೆ ಕಾಲು ಕೆಳಗೆ ಬಿಟ್ಟು ನೆಟ್ಟಗಾಗ್ತೀವಿ. ಇಲ್ಲಿ ಕಾಲು ಕೆಳಗೆ ಹೋಗಲು ಒಪ್ಪೋದಿಲ್ಲ. ಹೆದರಿ ಒಂದೆರಡು ಗುಟುಕು ಕುಡಿದರೋ, ಅದು ಬರೀ ಅಡುಗೆ ಉಪ್ಪಿನ ನೀರಲ್ಲ. ಅದರಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಲವಣಗಳು ತುಂಬಿವೆ. ರಕ್ತದಲ್ಲಿ ಅವು ಏರಿ ಹೃದಯದ ಬಡಿತ ಹದ ತಪ್ತದೆ. ಇಸ್ರೇಲಿನ ವೈದ್ಯರು ಇಂಥ ರೋಗಿಗಳ ಬಗ್ಗೆ ದಶಕಗಳಿಂದ ಬರೀತಾ ಬಂದಿದ್ದಾರೆ. ಸೊಂಟದಷ್ಟು ನೀರಲ್ಲೂ ಜನ ಹೀಗೆ ಅಪಾಯಕ್ಕೆ ಸಿಕ್ಕಿದ್ದಾರೆ. ಆದ್ದರಿಂದ ನೀವು ಹೋದರೆ ಹಿಂದಕ್ಕೆ ಒರಗಿ ಇಳಿಯಿರಿ, ಅಂಗಾತವೇ ಇರಿ, ಮುಖಕ್ಕೆ ನೀರು ಸಿಡಿಸುವ ಆಟ ಬೇಡ. ‘ಈಜು ಬರದಿದ್ದರೂ ಪರವಾಗಿಲ್ಲ’ ಅನ್ನೋ ಸಾಲಿಗೆ ಕೊನೆಯಲ್ಲಿ ‘ಹೇಳಿದ ಮಾತು ಕೇಳಿದರೆ’ ಅಂತ ಸೇರಿಸಬೇಕು.

ತೇಲೋದೇ ಇಷ್ಟು ಕಷ್ಟ ಅಂದಮೇಲೆ ಮುಳುಗೋದು? ಮುಳುಗುಗಾರರ ಕಥೆ ಇನ್ನೂ ಸೋಜಿಗ. 70 ಕಿಲೋ ತೂಕದ ಮನುಷ್ಯ ಇಲ್ಲಿ ಪೂರ್ತಿ ಒಳಗೆ ಹೋಗಬೇಕಾದರೆ ಸುಮಾರು 17 ಕಿಲೋ ಹೆಚ್ಚುವರಿ ಭಾರ ಬೇಕು. ಸಿಲಿಂಡರು, ಉಡುಪು ಸೇರಿದರೆ ಇನ್ನೂ ಜಾಸ್ತಿ. 2010ರ ಸುಮಾರಿಗೆ ಬೆನ್ ಗುರಿಯನ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಬ್ರೆಮೆನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 40 ಕಿಲೋದಷ್ಟು ಭಾರ ಕಟ್ಟಿಕೊಂಡು ತಳಕ್ಕಿಳಿದರು. ಸಾಮಾನ್ಯ ಕನ್ನಡಕ, ಬಾಯಿಯ ನಳಿಗೆ ಇಲ್ಲಿ ಸಾಲದು. ಇಡೀ ಮುಖ ಮುಚ್ಚುವ ಮಾಸ್ಕ್ ಬೇಕು. ಕಣ್ಣಿಗೆ ಬಿದ್ದರೆ ಉರಿ, ಗಂಟಲಿಗೆ ಇಳಿದರೆ ಊತ, ಉಸಿರೇ ಕಟ್ಟಬಹುದು.

ಅವರು ತಳದಲ್ಲಿ ಕಂಡದ್ದು ದೊಡ್ಡ ದೊಡ್ಡ ಗುಂಡಿಗಳು. ಅವುಗಳಿಂದ ಸಿಹಿನೀರು ಉಕ್ಕುತ್ತಿತ್ತು! ಸುತ್ತ ಸೂಕ್ಷ್ಮಜೀವಿಗಳು ಚಾಪೆಯಂತೆ ಹಬ್ಬಿದ್ದವು. ಸತ್ತದ್ದು ಅಂತ ಹೆಸರಿಟ್ಟ ಸಮುದ್ರದ ತಳದಲ್ಲಿ ಜೀವ. ಇಲ್ಲಿ ಒಂದು ಅಪಾಯ ನೋಡಿ. ಉಪ್ಪುನೀರಿನ ಲೆಕ್ಕದಲ್ಲಿ ಕಟ್ಟಿಕೊಂಡ ಭಾರ, ಈ ಸಿಹಿನೀರಿನ ಊಟೆಯೊಳಗೆ ಹೊಕ್ಕ ಕೂಡಲೇ ಪೂರ್ತಿ ಭಾರ ಆಗ್ತದೆ. ಅದುವರೆಗೆ ಮೇಲಕ್ಕೆ ನೂಕ್ತಿದ್ದ ನೀರು ಒಮ್ಮೆಲೇ ಕೈಬಿಡ್ತದೆ. ಮುತ್ಯಾನ ಭಾಷೆಯಲ್ಲಿ ಹೇಳೋದಾದರೆ, ಬೆನ್ನಿನ ಡಬ್ಬಿ ನಡುಬಾವಿಯಲ್ಲಿ ಕಳಚಿ ಬಿದ್ದ ಹಾಗೆ.

ಇದೇ ಸಿಹಿನೀರು ಇನ್ನೊಂದು ಕೆಲಸ ಮಾಡ್ತಿದೆ. 1964ರಲ್ಲಿ ಇಸ್ರೇಲ್ ಗಲಿಲಿಯ ನೀರನ್ನು ಕೊಳವೆ, ಕಾಲುವೆಗಳಲ್ಲಿ ಒಯ್ಯಲು ಶುರು ಮಾಡಿತು. ಜೋರ್ಡಾನ್, ಸಿರಿಯಾ ತಮ್ಮ ಪಾಲಿನ ಉಪನದಿಗಳಿಗೆ ಕಟ್ಟೆ ಕಟ್ಟಿದವು. ದಕ್ಷಿಣದಲ್ಲಿ ಪೊಟ್ಯಾಶ್ ಕಾರ್ಖಾನೆಗಳು ಸರೋವರದ ನೀರನ್ನೇ ಎತ್ತಿ ಒಣಗಿಸ್ತವೆ. ಮೃತ ಸಮುದ್ರ ಈಗ ವರ್ಷಕ್ಕೆ ಒಂದು ಮೀಟರ್‌ಗೂ ಹೆಚ್ಚು ಇಳೀತಿದೆ. ನೀರು ಸರಿದ ಕಡೆ ನೆಲದಡಿ ಹಳೇ ಉಪ್ಪಿನ ಪದರ ಉಳಿದಿದೆ. ಅಲ್ಲಿಗೆ ಸಿಹಿನೀರು ನುಗ್ಗಿ ಉಪ್ಪನ್ನು ಕರಗಿಸಿದಾಗ ಮೇಲಿನ ನೆಲ ಧೊಪ್ಪನೆ ಕುಸೀತದೆ. ಇಂಥ ಗುಂಡಿಗಳು ಸಾವಿರಾರು ಆಗಿವೆ. ಈನ್ ಗೆದಿಯ ಹೆಸರಾಂತ ಸ್ನಾನದ ದಂಡೆಯನ್ನು 2015ರಲ್ಲಿ ಮುಚ್ಚಿದರು. ಯೂಟಾದ ಸರೋವರವೂ 2022ರಲ್ಲಿ ದಾಖಲೆಯಷ್ಟು ಕೆಳಗಿಳಿಯಿತು. ಅಲ್ಲಿಯೂ ಕಾರಣ ಅದೇ: ಅದನ್ನು ತುಂಬುವ ಹೊಳೆಗಳ ನೀರು ಹೊಲಕ್ಕೆ, ಊರಿಗೆ ಹೋಗ್ತದೆ.

ದೂರದ ದೇಶದ ಸಂಗತಿ, ನಮಗೇನು ಅನ್ನಿಸಬಹುದು. ಆದರೆ ಹ್ಯಾಲಿ ಹೇಳಿದ ಬಾಕಿಯ ಲೆಕ್ಕ ಸರೋವರಕ್ಕೆ ಮಾತ್ರ ಅಲ್ಲ, ಹೊಲಕ್ಕೂ ಅನ್ವಯ. ಭೀಮಾ ದಂಡೆಯ ಎರೆಭೂಮಿಯವರಿಗೆ ‘ಸವಳು’ ಅನ್ನೋ ಶಬ್ದ ಹೊಸದಲ್ಲ. ಸವಳು ನೀರಿನ ಬಾವಿ ಇರ್ತದೆ, ಆ ನೀರಲ್ಲಿ ತೊಗರಿಬ್ಯಾಳಿ ಬೇಯೋದಿಲ್ಲ, ಸಾಬೂನು ನೊರೆ ಬರೋದಿಲ್ಲ. ಸವಳು ಹೊಲ ಇರ್ತದೆ, ಬೇಸಿಗೆಯಲ್ಲಿ ಅದರ ಮೇಲೆ ಬಿಳೀ ಪುಡಿ ಏಳ್ತದೆ. ಕರ್ನಾಟಕದ ಒಣನಾಡುಗಳಲ್ಲಿ ಉಪ್ಪಾರರು ಇಂಥ ಮಣ್ಣು ಕೆರೆದು, ನೀರಲ್ಲಿ ಸೋಸಿ ಉಪ್ಪು ತೆಗೀತಿದ್ದರು. ಜಾತಿಯ ಹೆಸರೇ ಆ ಕಸುಬಿಂದ ಬಂದದ್ದು. ಬ್ರಿಟಿಷರ ಉಪ್ಪಿನ ತೆರಿಗೆಯ ಕಾಲದಲ್ಲಿ ಆ ಕಸುಬು ಸೊರಗಿತು, ಅವರು ಮಣ್ಣುಕೆಲಸ, ಕಟ್ಟಡ ಕೆಲಸಕ್ಕೆ ಹೊರಳಿದರು. ಉಪ್ಪು ಮಾತ್ರ ನೆಲದಲ್ಲೇ ಇದೆ.

ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ತದೆ, ಸುಲಭಕ್ಕೆ ಕೆಳಗೆ ಬಿಡೋದಿಲ್ಲ. ಮಳೆಯ ಮೇಲೆ ಜೋಳ, ತೊಗರಿ ಬೆಳೆದಾಗ ಇದು ವರ. ಅದೇ ಹೊಲಕ್ಕೆ ವರ್ಷವಿಡೀ ನೀರು ಹಾಯಿಸಿ ಕಬ್ಬು ಹಾಕಿದರೆ, ಬಸಿದು ಹೋಗೋಕೆ ದಾರಿ ಇಲ್ಲದೇ ನೀರು ಬೇರಿನ ಹತ್ತಿರ ನಿಲ್ತದೆ. ಬಿಸಿಲು ನೀರನ್ನು ಎಳಕೊಳ್ತದೆ, ಉಪ್ಪು ಮೇಲೆ ಕೂಡ್ತದೆ. ಅಲ್ಲಿಗೆ ಹೊಲವೇ ಒಂದು ಸಣ್ಣ ಮೃತ ಸಮುದ್ರ. ಕೃಷ್ಣಾ, ತುಂಗಭದ್ರಾ ಕಾಲುವೆಗಳ ಕೆಳಗೆ ಹೀಗೆ ಸವಳಾದ ಹೊಲಗಳನ್ನು ರಾಯಚೂರು, ಕೊಪ್ಪಳ, ಬಾಗಲಕೋಟೆ ಕಡೆ ಯಾರಾದರೂ ತೋರಿಸ್ತಾರೆ. ನಮ್ಮ ಅಫಜಲಪುರ ತಾಲೂಕಿಗೂ ಸೊನ್ನ ಬ್ಯಾರೇಜಿನಿಂದ ಭೀಮಾ ಏತ ನೀರಾವರಿ ಬಂದಿದೆ. ಬರಗಾಲ ಕಂಡ ಜನಕ್ಕೆ ಆ ನೀರಿನ ಬೆಲೆ ಗೊತ್ತು. ಅದು ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ.

ನಾನು ಹೇಳೋದು ಇಷ್ಟೇ. ಮೃತ ಸಮುದ್ರದ ಹಾಗೆ ಒಂದು ಸರೋವರ ಮಾಡೋಕೆ ಪ್ರಕೃತಿ ಸಾವಿರಾರು ವರ್ಷ ತಗೊಂಡಿತು. ಅದೇ ಕೆಲಸವನ್ನು ಹೊಲದಲ್ಲಿ ಮಾಡೋಕೆ ಒಂದು ತಲೆಮಾರು ಸಾಕು. ತಡೆಯೋ ಉಪಾಯ ಹೊಸದೇನಲ್ಲ, ಅದಕ್ಕೆ ನಮ್ಮಲ್ಲಿ ಹೆಸರೂ ಇದೆ: ಬಸಿಗಾಲುವೆ. ಹೆಚ್ಚಾದ ನೀರು ಉಪ್ಪನ್ನು ಕರಗಿಸಿಕೊಂಡು ಹೊಲದಿಂದ ಹೊರಗೆ, ಹಳ್ಳಕ್ಕೆ ಹೋಗುವ ದಾರಿ. ಕಾಲುವೆ ಬಂದ ದಿನ ತೆಂಗಿನಕಾಯಿ ಒಡೆಯೋಕೆ ಮಂದಿ ಸೇರ್ತಾರೆ, ಶಾಸಕರು ಬರ್ತಾರೆ, ಫೋಟೋ ಆಗ್ತದೆ. ಬಸಿಗಾಲುವೆಗೆ ಯಾರೂ ಕಾಯಿ ಒಡೆದದ್ದು ನಾನು ನೋಡಿಲ್ಲ. ನಿಮ್ಮಲ್ಲಿ ಬಹಳ ಮಂದಿಯ ಹೊಲ ಇನ್ನೂ ಊರಲ್ಲೇ ಇದೆ, ಅಪ್ಪನೋ ಕಾಕಾನೋ ನೋಡ್ಕೋತಿದ್ದಾರೆ. ಈ ಸಲ ಊರಿಗೆ ಹೋದಾಗ ಬೆಳೆ ಹೇಗಿದೆ ಅಂತ ಕೇಳೋ ಜೊತೆಗೆ ಹೊಲದ ನೀರು ಎಲ್ಲಿಗೆ ಬಸೀತದೆ ಅಂತಲೂ ಒಮ್ಮೆ ಕೇಳಿ.